‘ಅದೇ ಇದು’ ಎಂಬ ಅರಿವು

ತತ್ತ್ವದ ಮೂಲಪ್ರಶ್ನೆಗಳು ಪಂಡಿತರ ಸೊತ್ತೆಂದೂ, ಹೊಲಮನೆ ಮಕ್ಕಳುಮರಿಗಳುಳ್ಳ ಗೃಹಸ್ಥನಿಗೆ ಅವುಗಳ ಗೊಡವೆ ಬೇಡವೆಂದೂ ತಿಳಿಯುವವರು ಬಹುಮಂದಿ. ಆತ್ಮವೆಂದರೇನು, ಜಗತ್ತು ಸತ್ಯವೋ ಮಿಥ್ಯೆಯೋ, ಬದಲಾಗುತ್ತಿರುವ ವಸ್ತುವಿನಲ್ಲಿ ಬದಲಾಗದೆ ನಿಲ್ಲುವುದು ಯಾವುದು ಎಂಬಂಥ ಮಾತುಗಳು ಪುರಾಣ ಹಚ್ಚಿದ ರಾತ್ರಿ ಕೇಳಿ ತಲೆದೂಗುವುದಕ್ಕೆ ಯೋಗ್ಯವೇ ಹೊರತು ದಿನದ ಬದುಕಿಗೆ ಬೇಕಾದುವಲ್ಲವೆಂಬುದು ಅವರ ಭಾವನೆ. ಆದರೆ ಪ್ರಶ್ನೆಗಳಿಗೆ ಈ ಮರ್ಯಾದೆ ತಿಳಿಯದು. ಅವು ಕರೆಯದಿದ್ದರೂ ಬಾಗಿಲಿಗೆ ಬರುತ್ತವೆ. ಬಾಗಲಕೋಟೆಗಂತೂ ಅವು ನೀರಿನ ರೂಪದಲ್ಲಿಯೇ ಬಂದವು.

ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಬೇಕಾದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಜಲಾಶಯವು ಅವರ ಹೆಸರನ್ನೇ ಹೊತ್ತು ರಾಷ್ಟ್ರಕ್ಕೆ ಸಮರ್ಪಿತವಾದುದು 2006ರಲ್ಲಿ. ಮಳೆಯನ್ನೇ ನೆಚ್ಚಿದ್ದ ಎರೆಭೂಮಿಗೆ ನೀರು ಹರಿಯಿತು, ಬರದ ಭಯದಲ್ಲಿ ಬದುಕಿದ್ದ ಎಷ್ಟೋ ಊರುಗಳ ಕಣ ತುಂಬಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದೇ ನೀರಿನ ಹಿನ್ನೀರು ಘಟಪ್ರಭೆಯ ದಂಡೆಯ ಮೇಲಣ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಅಲ್ಲಿದ್ದವರು ಎತ್ತರದ ನೆಲದಲ್ಲಿ ಹೊಸದಾಗಿ ಅಳೆದು ಕಟ್ಟಿದ ನವನಗರಕ್ಕೆ ಹೋದರು. ಅಲ್ಲಿಯ ಬಡಾವಣೆಗಳಿಗೆ ಹೆಸರಿಗಿಂತ ಮೊದಲು ಅಂಕಿ ಬಂದಿತು.

ಇಂಥ ಒಂದು ಮನೆಯನ್ನು ದೃಷ್ಟಾಂತಕ್ಕೆ ಇಟ್ಟುಕೊಳ್ಳಬಹುದು. ಹೆಸರು ಬೇಕಿಲ್ಲ; ನದಿಯ ದಂಡೆಗುಂಟ ಇಂಥವು ನೂರಾರು. ಮನೆ ಬಿಡುವ ದಿನ ಬಂದಾಗ ಮನೆಯವರು ತೊಲೆ, ಜಂತಿ, ಕಂಬಗಳನ್ನು ಇಳಿಸಿದರು. ತಲೆಬಾಗಿಲಿನ ಬಾಗಿಲವಾಡವನ್ನು ಹೊಸ್ತಿಲ ಸಹಿತವಾಗಿ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಹೊಸ ಮನೆಯ ಸಿಮೆಂಟಿನ ಗೋಡೆಯಲ್ಲಿ ಕೂಡಿಸಿದರು. ಮನೆಯ ಹಿರಿಯಳಾದ ಮುದುಕಿ ಆ ಹೊಸ್ತಿಲಿಗೆ ಎಂದಿನಂತೆ ವಿಭೂತಿ ಹಚ್ಚಿ ಒಳಗೆ ಬಂದಳು, ಬಂದವಳು ಅತ್ತಳು. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಮೊಮ್ಮಗನು ಸಮಾಧಾನ ಹೇಳಹೋದನು: “ಅಮ್ಮಾ, ಬಾಗಿಲವಾಡ ಅದ ಐತಿ, ಗ್ವಾಡಿ ಅಷ್ಟ ಬ್ಯಾರೆ. ಮನಿ ಅನ್ನೂದು ಬರೇ ಒಂದು ಹೆಸರು.” ಮುದುಕಿ ಹೇಳಿದಳು: “ಹೆಸರಿಗೆ ಯಾರರ ಅಳ್ತಾರೇನೋ ತಮ್ಮಾ?” ಭೇಟಿಗೆ ಬಂದಿದ್ದ ನೆಂಟರೊಬ್ಬರು, ವಚನಗಳನ್ನು ಬಲ್ಲವರು, ಸ್ಥಾವರವು ಅಳಿಯುವುದೇ ಸಹಜವೆಂದೂ, ಅಳಿಯುವುದಕ್ಕಾಗಿ ಅಳುವುದು ಶರಣಧರ್ಮವಲ್ಲವೆಂದೂ ನುಡಿದರು. ಮುದುಕಿ ಅವರಿಗೆ ಶರಣೆಂದಳು. ಆದರೆ ಅಳು ನಿಲ್ಲಲಿಲ್ಲ.

ಇಲ್ಲಿ ಮೂವರೂ ಒಂದೇ ಪ್ರಶ್ನೆಯ ಸುತ್ತ ನಿಂತಿದ್ದಾರೆ. ‘ಅದು’ ಹೋಗಿ ‘ಇದು’ ಬಂದಾಗ ‘ಅದೇ ಇದು’ ಎನ್ನಬಹುದೇ? ಎನ್ನಬಹುದಾದರೆ ಯಾವುದರ ಬಲದಿಂದ? ಒಬ್ಬನು ವಿಜ್ಞಾನದಿಂದ ಉತ್ತರ ಕೊಟ್ಟನು, ಇನ್ನೊಬ್ಬರು ಧರ್ಮದಿಂದ ಕೊಟ್ಟರು. ಬಾಳಿ ಬದುಕಿದವಳಿಗೆ ಎರಡೂ ಸಾಲದಾದವು. ಅವಳು ಅಜ್ಞಾನಿಯೆಂದು ತೀರ್ಮಾನಿಸುವುದಕ್ಕೆ ಮುಂಚೆ ಆ ಎರಡು ಉತ್ತರಗಳನ್ನು ತುಸು ಪರೀಕ್ಷಿಸುವುದು ನ್ಯಾಯ.

ಪ್ರಶ್ನೆಯೇನೋ ಬಹು ಹಳೆಯದು. ಹತ್ತು ವರ್ಷಗಳ ಹಿಂದೆ ಕಾಶಿಯಲ್ಲಿ ಕಂಡ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಅವನೇ ಇವನು’ ಎಂದು ಗುರುತಿಸುವ ಜ್ಞಾನಕ್ಕೆ ನಮ್ಮ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಹೆಸರಿಟ್ಟರು. ಈ ಗುರುತು ಸುಳ್ಳಾಗಲಾರದು, ಆದುದರಿಂದ ಸ್ಥಿರವಾದೊಂದು ವಸ್ತು ಇರಲೇಬೇಕು ಎಂದು ನೈಯಾಯಿಕರು ವಾದಿಸಿದರು. ಬೌದ್ಧರು ದೀಪವನ್ನು ತೋರಿಸಿದರು: ರಾತ್ರಿಯೆಲ್ಲ ಉರಿಯುವ ದೀಪದ ಕುಡಿ ಒಂದೇ ಎಂದು ಕಾಣುವುದಾದರೂ ಕ್ಷಣಕ್ಷಣಕ್ಕೂ ಹೊಸ ಎಣ್ಣೆ ಉರಿದು ಹೊಸ ಕುಡಿ ಹುಟ್ಟುತ್ತಿರುವುದಷ್ಟೆ, ಸಾದೃಶ್ಯವನ್ನು ಕಂಡು ಐಕ್ಯವೆಂದು ಭ್ರಮಿಸುತ್ತೀರಿ ಎಂದರು. ಗ್ರೀಕರಲ್ಲಿಯೂ ಇಂಥದೇ ಒಂದು ಚರ್ಚೆಯುಂಟು. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನ ಜನರು ಬಹುಕಾಲ ಕಾಪಾಡಿಕೊಂಡು ಬಂದರಂತೆ. ಲಡ್ಡಾದ ಹಲಗೆಯನ್ನು ತೆಗೆದು ಹೊಸ ಹಲಗೆಯನ್ನು ಹಾಕುತ್ತ ಬಂದುದರಿಂದ, ಅದು ಅದೇ ಹಡಗೋ ಬೇರೆಯೋ ಎಂಬ ವಿಷಯದಲ್ಲಿ ತತ್ತ್ವಜ್ಞರು ಎರಡು ಪಕ್ಷವಾದರೆಂದು ಪ್ಲುಟಾರ್ಕನು ಬರೆದಿದ್ದಾನೆ. ಬಾಗಲಕೋಟೆಯ ಮುದುಕಿಯ ಮನೆ ಆ ಹಡಗಿಗಿಂತ ಕಠಿಣವಾದ ಪ್ರಶ್ನೆ. ಹಡಗಿನ ಹಲಗೆ ಹೋಯಿತು, ಹಡಗು ಉಳಿಯಿತು. ಇಲ್ಲಿ ಹಲಗೆ ಉಳಿಯಿತು, ಮನೆಯೇ ಹೋಯಿತು.

ಮೊದಲು ವಿಜ್ಞಾನದ ಮಾತು. ಅದನ್ನು ತಿಳಿಯುವುದಕ್ಕೆ ಪರದೇಶದ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಬಾದಾಮಿಯ ಮೇಣಬಸದಿಗಳಿಗೆ ಹೋದರೆ ಸಾಕು. ಮೂರನೆಯ ಗುಹೆಯಲ್ಲಿರುವ ಶಾಸನದಿಂದ ಅದು ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ಮಂಗಲೇಶನು ಮಾಡಿಸಿದ್ದೆಂದು ತಿಳಿಯುತ್ತದೆ. ಹದಿನಾಲ್ಕು ಶತಮಾನಗಳಿಗೂ ಮಿಕ್ಕಿ ನಿಂತಿರುವ ಈ ಕಂಬ, ಬೋದಿಗೆ, ಮೂರ್ತಿಗಳನ್ನು ನೋಡಿದವನಿಗೆ ಸ್ಥಾವರವೆಂದರೆ ಇದೇ ಎನಿಸುವುದು. ಆದರೆ ಮೂರ್ತಿಯನ್ನು ಬಿಟ್ಟು ಮೂರ್ತಿಯ ಹಿಂದಿನ ಕಲ್ಲನ್ನು ನೋಡಬೇಕು. ಕೆಂಪು ಕಲ್ಲಿನ ಮೈಮೇಲೆ ಓರೆಯಾದ ಪದರುಗಳು, ಒಂದರ ಮೇಲೊಂದು ಸಣ್ಣ ಗೆರೆಗಳಾಗಿ, ಎಲ್ಲೆಲ್ಲೂ ಕಾಣುತ್ತವೆ. ಇವು ಉಳಿಯ ಗುರುತುಗಳಲ್ಲ. ಹರಿಯುವ ನೀರು ಮರಳನ್ನು ತಂದು ಇಳಿಜಾರಾಗಿ ಸುರಿದ ಗುರುತುಗಳು. ಆ ಓರೆಯ ದಿಕ್ಕನ್ನು ನೋಡಿ ಅಂದಿನ ಪ್ರವಾಹ ಎತ್ತಕಡೆಗೆ ಹರಿಯುತ್ತಿತ್ತೆಂಬುದನ್ನೂ ಭೂವಿಜ್ಞಾನಿಗಳು ಹೇಳಬಲ್ಲರು. ಆ ನದಿಗೆ ಹೆಸರಿಲ್ಲ. ಹೆಸರಿಡಬಲ್ಲವರು ಆಗ ಹುಟ್ಟಿರಲಿಲ್ಲ. 50 ಕೋಟಿ ವರ್ಷಗಳಿಗಿಂತಲೂ ಹಿಂದಿನ ಮಾತದು. ಆ ಮರಳಾದರೂ ಎಲ್ಲಿಂದ ಬಂದಿತು? ಅದಕ್ಕೂ ಹಳೆಯದಾದ ಬಂಡೆಗಳು ಬಿಸಿಲು ಮಳೆಗಳಿಗೆ ಸವೆದು ಒಡೆದು ಮರಳಾಗಿ ಹರಿದುಬಂದುವು. ಇಳಕಲ್ಲಿನ ಗಣಿಗಳಲ್ಲಿ ಕೊರೆದು ತೆಗೆಯುವ ಕೆಂಪು ಗ್ರಾನೈಟ್ ಅಂಥ ಹಳೆಯ ಕುಲದ ಕಲ್ಲು. ಅದು ಭೂಮಿಯ ಆಳದಲ್ಲಿ ಕರಗಿ ಹರಿದ ದ್ರವ, ಮೆಲ್ಲಗೆ ಆರಿ ಗಟ್ಟಿಯಾದುದು. ಹೀಗೆ ದ್ರವವು ಬಂಡೆಯಾಗಿ, ಬಂಡೆ ಮರಳಾಗಿ, ಮರಳು ನದಿಯಲ್ಲಿ ನಡೆದು, ನದಿ ನಿಂತು ಕಲ್ಲಾಗಿ, ಆ ಕಲ್ಲಿನಲ್ಲಿ ಮಂಗಲೇಶನ ಶಿಲ್ಪಿಗಳು ದೇವರನ್ನು ಕಡೆದರು. ಈಗ ಗಾಳಿಮಳೆಗಳು ಆ ದೇವರ ಮೂಗು ಬೆರಳುಗಳನ್ನು ಮತ್ತೆ ಮರಳು ಮಾಡುತ್ತಿವೆ.

ಇದನ್ನು ಕೇಳಿದೊಡನೆ ಉಪನ್ಯಾಸಕಾರರಲ್ಲಿ ಕೆಲವರಿಗೆ ಬಹಳ ಹುರುಪು ಬರುವುದುಂಟು. ‘ನೋಡಿರಿ, ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಹೇಳಿದ ಸ್ಥಾವರ-ಜಂಗಮಗಳ ತತ್ತ್ವವನ್ನು ವಿಜ್ಞಾನವು ಇಂದು ಸಿದ್ಧಪಡಿಸಿತು’ ಎಂದು ಅವರು ಸಾರುತ್ತಾರೆ. ಇಂಥ ಮಾತಿಗೆ ಚಪ್ಪಾಳೆ ಬೀಳುವುದು ಸುಲಭ. ಆದರೆ ಇದರಿಂದ ವಿಜ್ಞಾನಕ್ಕೂ ಗೌರವವಿಲ್ಲ, ವಚನಕ್ಕೂ ಗೌರವವಿಲ್ಲ. ಜಂಗಮವೆಂಬ ಶಬ್ದಕ್ಕೆ ಧಾತ್ವರ್ಥದಲ್ಲಿ ಚಲಿಸುವುದೆಂದಿದ್ದರೂ ಶರಣರು ಅದನ್ನು ಬರಿಯ ಚಲನೆಯೆಂಬ ಅರ್ಥದಲ್ಲಿ ಬಳಸಿದವರಲ್ಲ. ಮರಳು ಚಲಿಸುವುದು, ಗಾಳಿ ಚಲಿಸುವುದು, ಟ್ರ್ಯಾಕ್ಟರೂ ಚಲಿಸುವುದು; ಅವು ಜಂಗಮವಾದುವೆ? ಅರಿವುಳ್ಳದ್ದು, ಆಚಾರವುಳ್ಳದ್ದು, ಒಬ್ಬರಿಂದೊಬ್ಬರಿಗೆ ನಡೆದುಬರುವ ಚೈತನ್ಯ ಯಾವುದೋ ಅದು ಜಂಗಮ. ಅಷ್ಟಾವರಣಗಳಲ್ಲಿ ಗುರುಲಿಂಗಗಳ ಜೊತೆಗೆ ಅದನ್ನು ಎಣಿಸಿದ್ದಾರೆಯೇ ಹೊರತು ನೀರುಗಾಳಿಗಳ ಜೊತೆಗೆ ಎಣಿಸಿಲ್ಲ. ಬಾದಾಮಿಯ ಕಲ್ಲು ಹಿಂದೊಮ್ಮೆ ನದಿಯ ಮರಳಾಗಿತ್ತೆಂಬುದು ನಿಜವಾದ, ಬೆರಗಾಗಬೇಕಾದ ಸಂಗತಿ. ಆದರೆ ಅದು ವಚನಕ್ಕೆ ಸಾಕ್ಷಿಯಲ್ಲ. ವಚನಕ್ಕೆ ಆ ಸಾಕ್ಷಿ ಬೇಕಾಗಿಯೂ ಇಲ್ಲ.

ಇದೇ ಬಗೆಯ ಇನ್ನೊಂದು ಮಾತು ವೇದಿಕೆಗಳ ಮೇಲೆ ಓಡಾಡುತ್ತಿದೆ. ಏಳು ವರ್ಷಗಳಿಗೊಮ್ಮೆ ಮನುಷ್ಯದೇಹದ ಕಣಕಣವೂ ಹೊಸದಾಗುತ್ತದೆ. ಆದರೂ ‘ನಾನು’ ಅದೇ ಆಗಿ ಉಳಿಯುವುದರಿಂದ ಆತ್ಮವು ಸಿದ್ಧವಾಯಿತು, ಎಂದು. ಶರೀರಶಾಸ್ತ್ರವು ಹಾಗೆ ಹೇಳುವುದಿಲ್ಲ. ರಕ್ತದ ಕೆಂಪು ಕಣವು ಸುಮಾರು 120 ದಿನ ಬಾಳಿ ಅಳಿಯುವುದು, ಹೊಸದು ಹುಟ್ಟುವುದು ನಿಜ. ಚರ್ಮವೂ ಕರುಳಿನ ಒಳಪದರವೂ ಇನ್ನೂ ಬೇಗ ಹೊಸದಾಗುತ್ತವೆ. ಆದರೆ ಮಿದುಳಿನ ಹೊರಪದರದ ನರಕೋಶಗಳಲ್ಲಿ ಬಹುಪಾಲು ಮನುಷ್ಯನ ಆಯುಷ್ಯದುದ್ದಕ್ಕೂ ಅವೇ ಆಗಿ ಇರುತ್ತವೆ. ಹಲ್ಲಿನ ಮೇಲಣ ಗಟ್ಟಿಯಾದ ಹೊದಿಕೆಯು ಒಮ್ಮೆ ಸವೆದರೆ ಮತ್ತೆ ಬೆಳೆಯದು. ಹಾಗಾದರೆ ಆತ್ಮವು ಹಲ್ಲಿನಲ್ಲಿದೆಯೆಂದು ಹೇಳಬೇಕಾಗುವುದೆ? ಧರ್ಮದ ಪರವಾಗಿ ಆಡಿದ್ದಾದರೂ ತಪ್ಪು ತಪ್ಪೇ. ನುಡಿದರೆ ಲಿಂಗ ಮೆಚ್ಚಬೇಕೆಂಬ ಪಥದಲ್ಲಿ ನಡೆಯುವವರು ಉಪನ್ಯಾಸದ ಕಾವಿನಲ್ಲಿಯೂ ಇದನ್ನು ಮರೆಯಬಾರದು.

ಮೊಮ್ಮಗನ ಮಾತಿನಲ್ಲಿದ್ದ ಕೊರತೆಯೂ ಇಲ್ಲಿಯೇ ಇದೆ. ವಸ್ತು ಯಾವುದರಿಂದ ಆಯಿತು, ಹೇಗಾಯಿತು, ಎಷ್ಟು ಕಾಲ ನಿಂತೀತು ಎಂಬುದನ್ನು ಹೇಳಲು ವಿಜ್ಞಾನಕ್ಕಿಂತ ಮಿಗಿಲಾದ ಸಾಧನ ಮನುಷ್ಯನ ಕೈಗೆ ಬಂದಿಲ್ಲ. ಬಾಗಿಲವಾಡ ಹಳೆಯದು, ಗೋಡೆ ಹೊಸದು, ಸರಿ. ಅಲ್ಲಿಗೆ ವಿಜ್ಞಾನದ ಮಾತು ಮುಗಿಯಿತು. ‘ಆದುದರಿಂದ ಮನೆಯೆಂಬುದು ಬರಿಯ ಹೆಸರು’ ಎಂಬ ಮಾತು ವಿಜ್ಞಾನದ್ದಲ್ಲ. ಅದು ವಿಜ್ಞಾನದ ಅಂಗಿ ತೊಟ್ಟುಬಂದ ಒಂದು ತತ್ತ್ವ, ಅದೂ ಪರೀಕ್ಷೆಗೊಳಗಾಗದ ತತ್ತ್ವ. ಹುಡುಗನಿಗೆ ಅದು ತಿಳಿಯದು. ಓದಿದ ಹಿರಿಯರಿಗೂ ಅನೇಕ ವೇಳೆ ತಿಳಿಯದು.

ಇನ್ನು ಧರ್ಮದ ಮಾತು. ಇದನ್ನು ವಿಚಾರಿಸುವುದಕ್ಕೆ ಬಾಗಲಕೋಟೆಯಿಂದ ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋಗಬೇಕು. ಕೃಷ್ಣೆ ಮಲಪ್ರಭೆಗಳು ಕೂಡುವ ಆ ತಾಣದಲ್ಲಿ ಬಸವಣ್ಣನವರು ವಿದ್ಯೆ ಕಲಿತರು. ಕಲ್ಯಾಣದ ಬಾಳು ಮುಗಿದ ಮೇಲೆ ಅಲ್ಲಿಯೇ ಐಕ್ಯರಾದರು. ಸಿರಿವಂತರು ಕಲ್ಲಿನಿಂದ ಕಟ್ಟುವುದಕ್ಕಿಂತ ಬಡವನು ತನ್ನ ತನುವಿನಿಂದಲೇ ಮಾಡುವ ಪೂಜೆ ಕಡಿಮೆಯಲ್ಲವೆಂದೂ, ನಿಂತದ್ದು ಅಳಿಯುವುದೆಂದೂ, ಜಂಗಮಕ್ಕೆ ಅಂಥ ಅಳಿವಿಲ್ಲವೆಂದೂ ಬೋಧಿಸಿದವರು ಅವರು. ಈಗಿನ ಸ್ಥಿತಿಯಾದರೋ ಹೀಗಿದೆ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಜಲಾಶಯಕ್ಕೆ ಬಸವಸಾಗರವೆಂದು ಹೆಸರು. ಆ ಬಸವಸಾಗರದ ಹಿನ್ನೀರೇ ಬಸವಣ್ಣನವರ ಐಕ್ಯಸ್ಥಾನದವರೆಗೆ ಬಂದಿತು! ಐಕ್ಯಮಂಟಪವು ಮುಳುಗದಂತೆ ಅದರ ಸುತ್ತ ಬಾವಿಯ ಆಕಾರದಲ್ಲಿ ಎತ್ತರವಾದ ಗೋಡೆಯನ್ನು ಕಟ್ಟಿದರು. ಭಕ್ತರು ಇಂದು ನೀರಿನ ನಡುವೆ ಹಾದು, ಮೆಟ್ಟಿಲಿಳಿದು, ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಪಡೆಯುತ್ತಾರೆ.

ಇದನ್ನು ಕಂಡು ನಗುವವರುಂಟು. ಸ್ಥಾವರ ಅಳಿಯುವುದೆಂದವರ ಸ್ಥಾವರವನ್ನು ಉಳಿಸಲು ಸಿಮೆಂಟಿನ ಗೋಡೆಯೆ? ಎಂದು. ಪ್ರಶ್ನೆ ಚುರುಕಾಗಿದೆ; ಉತ್ತರ ಕೊಡದೆ ಸರಿಯುವುದು ಸಲ್ಲದು. ಬಸವಣ್ಣನವರ ಮಾತು ಯಾರಿಗೆ ಆಡಿದ್ದು ಎಂಬುದನ್ನು ಮೊದಲು ನೋಡಬೇಕು. ಕಲ್ಲುಕಟ್ಟಿಸಿದ ಹಮ್ಮಿನಿಂದ ಬಡವನನ್ನು ಕೀಳಾಗಿ ಕಾಣುವ ಸಿರಿಯ ಎದುರಿನಲ್ಲಿ, ಬಡವನ ಪಕ್ಷದಲ್ಲಿ ನಿಂತು, ತಮ್ಮನ್ನೇ ಬಡವನೆಂದು ಎಣಿಸಿಕೊಂಡು ಆಡಿದ ಮಾತದು. ಇರುವುದನ್ನು ತಾನೇ ಬಿಟ್ಟವನು ‘ಅದು ಅಳಿಯುವಂಥದು’ ಎಂದು ತನಗೆ ತಾನು ಹೇಳಿಕೊಂಡರೆ ಅದು ಅರಿವು. ಇದ್ದುದನ್ನು ಬೇರೊಬ್ಬರು ಕಿತ್ತುಕೊಂಡಾಗ ಅಳುತ್ತ ಕುಳಿತವಳಿಗೆ, ತನ್ನ ಮನೆ ಭದ್ರವಾಗಿರುವ ನೆಂಟನು ಬಂದು ಅದೇ ಮಾತನ್ನು ಹೇಳಿದರೆ? ಶಬ್ದಗಳು ಅವೇ ಇರಬಹುದು, ಮಾತು ಅದಲ್ಲ. ಅಲ್ಲಿ ಅದು ಹಮ್ಮನ್ನು ಮುರಿಯಿತು, ಇಲ್ಲಿ ಮನಸ್ಸನ್ನು ಮುರಿಯಿತು. ಐಕ್ಯಮಂಟಪದ ಗೋಡೆಯ ವಿಷಯವೂ ಹೀಗೆಯೇ. ಬರುವ ಜನರು ಅಲ್ಲಿ ಕೆಲಹೊತ್ತು ಕುಳಿತು ತಮ್ಮ ನಡೆನುಡಿಯನ್ನು ತೂಗಿ ನೋಡುವರಾದರೆ ಆ ಗೋಡೆ ಜಂಗಮವನ್ನು ಕಾಯುತ್ತಿದೆ. ಬರಿದೆ ನೋಡಿ ಚಿತ್ರ ತೆಗೆಸಿಕೊಂಡು ಹೊರಡುವರಾದರೆ ಅದು ಕಲ್ಲನ್ನಷ್ಟೇ ಕಾಯುತ್ತಿದೆ. ಗೋಡೆಯನ್ನು ನೋಡಿ ಇದನ್ನು ನಿರ್ಣಯಿಸುವುದಾಗದು.

ಮುದುಕಿಯ ಅಳುವಿನ ಕಾರಣಕ್ಕೆ ಈಗ ಬರಬಹುದು. ಅವಳು ದೇವರನ್ನು ಕಳೆದುಕೊಂಡು ಅತ್ತವಳಲ್ಲ. ಲಿಂಗವಂತರ ಮನೆಯಲ್ಲಿ ದೇವರನ್ನು ಟ್ರ್ಯಾಕ್ಟರಿನಲ್ಲಿ ಹೇರಬೇಕಾದುದಿಲ್ಲ. ಇಷ್ಟಲಿಂಗವು ಅವಳ ಎದೆಯ ಮೇಲೆಯೇ ಬಂದಿತು, ಮರುದಿನ ಮುಂಜಾನೆ ಹೊಸ ಮನೆಯಲ್ಲಿ ಅದೇ ಕರಸ್ಥಲದಲ್ಲಿ ಪೂಜೆಗೊಂಡಿತು. ಗೋಡೆಗಾಗಿಯೂ ಅವಳು ಅತ್ತಿರಲಾರಳು. ಹಳೆಯ ಮನೆಯ ಮಾಳಿಗೆ ಪ್ರತಿವರ್ಷ ಸೋರುತ್ತಿತ್ತು, ಅದನ್ನು ಅವಳಷ್ಟು ಬೈದವರು ಬೇರೆ ಇರಲಿಲ್ಲ. ಹಳೆಯ ಓಣಿಯಲ್ಲಿ ಎಡಮನೆಯವಳು ಇವಳ ಬಾಣಂತನ ಮಾಡಿದ್ದಳು. ಎದುರುಮನೆಯ ಮಗನು ಊರೆಂಬ ಊರೇ ಮಲಗಿದ ಹೊತ್ತಿನಲ್ಲಿ ಇವಳ ಗಂಡನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಿದ್ದನು. ಕೊಟ್ಟ ಸೇರು ಜೋಳ, ತಂದ ಹೆಪ್ಪು, ಜಗಳ, ಜಗಳವಾದ ಮೇಲೂ ಹಬ್ಬಕ್ಕೆ ಬಂದ ಹೋಳಿಗೆಯ ಬುಟ್ಟಿ. ನವನಗರದಲ್ಲಿ ನಿವೇಶನಗಳು ಹಂಚಿಕೆಯಾದಾಗ ಒಬ್ಬಳು ಒಂದು ಅಂಕಿಯ ಬಡಾವಣೆಗೆ ಹೋದಳು, ಇನ್ನೊಬ್ಬಳು ಮತ್ತೊಂದಕ್ಕೆ. ಗೋಡೆಯನ್ನು ಅಳೆದರು, ಗಿಡಗಳನ್ನು ಎಣಿಸಿದರು, ಬೆಲೆ ಕಟ್ಟಿ ಹಣ ಕೊಟ್ಟರು. ಅದು ಕಡಿಮೆಯಾಯಿತೋ ಸರಿಯಾಯಿತೋ, ಕೋರ್ಟು ಕಚೇರಿಗಳಲ್ಲಿ ವಾದಿಸುವುದಕ್ಕಾದರೂ ಬಂದಿತು. ಎಡಮನೆಯವಳನ್ನು ಯಾವ ಪಟ್ಟಿಯಲ್ಲಿಯೂ ಬರೆದುಕೊಳ್ಳಲಿಲ್ಲ.

ಅಂದಮೇಲೆ ನೀರಿನಲ್ಲಿ ಹೋದದ್ದು ಸ್ಥಾವರವೆಂದು ನೆಂಟರು ತಿಳಿದದ್ದು ಅರ್ಧವೇ ನಿಜ. ಸ್ಥಾವರಕ್ಕೆ ಬದಲು ಸ್ಥಾವರ ಸಿಕ್ಕಿತು. ಚದುರಿಹೋದದ್ದು ಜಂಗಮ. ಜಂಗಮವೆಂದರೆ ಸಮಾಜವೆಂದು ಅರ್ಥಮಾಡಿದ ಹಿರಿಯರು ಅನೇಕರಿದ್ದಾರೆ. ದಾಸೋಹವು ಜಂಗಮಕ್ಕೆ ಸಲ್ಲಬೇಕೆಂಬಲ್ಲಿ ಆ ಅರ್ಥ ಚೆನ್ನಾಗಿ ಹೊಂದುತ್ತದೆ. ಒಬ್ಬರು ಇನ್ನೊಬ್ಬರಿಗೆ ಆಗಿಬರುವ ಆ ಬದುಕು ಅಳಿವಿಲ್ಲದ್ದೆಂದು ಶರಣರು ನಂಬಿದರೆಂದ ಮಾತ್ರಕ್ಕೆ ಅದನ್ನು ಕಾಯಬೇಕಾಗಿಲ್ಲವೆಂದು ಆಗುವುದೆ? ಕಲ್ಯಾಣವೇ ಒಮ್ಮೆ ಚದುರಿತ್ತು. ಶರಣರು ದಿಕ್ಕು ದಿಕ್ಕಿಗೆ ಹೋದರು. ವಚನಗಳು ಉಳಿದು ಬಂದುವೆಂದರೆ ತಾವಾಗಿಯೇ ಬರಲಿಲ್ಲ; ಹುಳು ತಿಂದ ತಾಳೆಯ ಗರಿಯಿಂದ ಹೊಸ ಗರಿಗೆ ತಲೆಮಾರು ತಲೆಮಾರಿಗೆ ಯಾರೋ ಕುಳಿತು ಬರೆದುದರಿಂದ ಬಂದುವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅಂಥ ಓಲೆಗಳನ್ನು ಕೂಡಿಸದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಗುತ್ತಿರಲಿಲ್ಲ.

‘ಅದೇ ಇದು’ ಎಂಬುದು ವಸ್ತುವಿನಲ್ಲಿ ಮೊದಲೇ ಇರುವ ಗುಣವೋ, ಅಥವಾ ಯಾರಾದರೂ ಕೈಯಾರೆ ಮಾಡಬೇಕಾದ ಕೆಲಸವೋ ಎಂಬ ಸಂಶಯ ಇಲ್ಲಿ ಹುಟ್ಟುತ್ತದೆ. ನೈಯಾಯಿಕರೂ ಬೌದ್ಧರೂ ಗ್ರೀಕರೂ ವಸ್ತುವನ್ನು ನೋಡಿಯೇ ವಾದಿಸಿದರು. ಕಾಯಕದ ಕಡೆಗೆ ನೋಡಲಿಲ್ಲ. ಇಳಕಲ್ಲಿನ ನೇಕಾರನ ಮನೆಗೆ ಅವರನ್ನು ಕರೆದೊಯ್ದಿದ್ದರೆ ಚರ್ಚೆಗೆ ಬೇರೊಂದು ದಾರಿ ಸಿಗುತ್ತಿತ್ತೇನೋ. ಇಳಕಲ್ಲ ಸೀರೆಯ ಒಡಲಿನ ಹಾಸು ಸಾಂಪ್ರದಾಯಿಕವಾಗಿ ಹತ್ತಿಯ ನೂಲು; ಸೆರಗಿನ ಹಾಸು ರೇಶಿಮೆ. ಒಂದೇ ನೂಲು ಒಡಲಿನಿಂದ ಸೆರಗಿನವರೆಗೆ ಓಡುವುದಿಲ್ಲ. ಒಡಲಿನ ನೂಲು ಮುಗಿಯುವಲ್ಲಿ ಅದರೊಳಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸಿಕ್ಕಿಸುತ್ತಾರೆ. ಹಾಸಿನ ಅಗಲಕ್ಕೂ, ನೂಲಿಗೆ ನೂಲು, ಬೆರಳಿನಿಂದಲೇ ಆಗಬೇಕಾದ ಕೆಲಸವದು. ಆ ಮೇಲೆ ಲಾಳಿ ಓಡುತ್ತದೆ, ಹೊಕ್ಕು ಬೀಳುತ್ತದೆ, ಟೋಪತೆನೆಯ ಕೆಂಪು ಸೆರಗು ಬೆಳೆಯುತ್ತದೆ. ಉಟ್ಟವಳು ಅದನ್ನು ಒಂದು ಸೀರೆಯೆನ್ನುತ್ತಾಳೆ. ತಪ್ಪೇನಿಲ್ಲ, ಅದು ಒಂದೇ ಸೀರೆ. ಆದರೆ ಆ ಒಂದಾಗುವಿಕೆಯು ಹತ್ತಿಯಲ್ಲಿಯೂ ಇರಲಿಲ್ಲ, ರೇಶಿಮೆಯಲ್ಲಿಯೂ ಇರಲಿಲ್ಲ. ಪರೀಕ್ಷಕನು ಎಷ್ಟು ದೊಡ್ಡ ಕನ್ನಡಿಯಿಟ್ಟು ನೋಡಿದರೂ ಅವನಿಗೆ ಎರಡು ನೂಲುಗಳೇ ಕಾಣುವುವು. ಅವನ ಮಾತೂ ಸುಳ್ಳಲ್ಲ. ಕೊಂಡಿ ಒಂದು ತಪ್ಪಿದರೆ ಮಾತ್ರ ಅಲ್ಲಿ ಸೀರೆ ಬಿಡುತ್ತದೆ, ಆಗ ನೇಕಾರನ ಕೂಲಿ ಹೋಗುತ್ತದೆ. ಅವನಿಗೆ ಐಕ್ಯವೆಂಬುದು ಚರ್ಚೆಯ ವಿಷಯವಲ್ಲ.

ಇಳಕಲ್ಲಿನಲ್ಲಿಯೇ ಇನ್ನೊಂದು ದೃಷ್ಟಾಂತವೂ ಇದೆ. ಅದು ವಸ್ತುವನ್ನು ಬಿಟ್ಟು ಮನುಷ್ಯನಿಗೆ ಸಂಬಂಧಿಸಿದ್ದು, ಆದುದರಿಂದ ಹೆಚ್ಚು ಕಠಿಣ. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ್ವರ ಸಂಸ್ಥಾನಮಠದ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಜಂಗಮರ ಜೋಳಿಗೆ ಹಳೆಯದು. ಅದರಲ್ಲಿ ಕಾಳುಕಡಿ ಬೀಳುವುದು ವಾಡಿಕೆ. ಪೂಜ್ಯರು ಊರೂರಿಗೆ ಹೋಗಿ ಜೋಳಿಗೆ ಒಡ್ಡಿ, ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ’ ಎಂದು ಭಿಕ್ಷೆ ಬೇಡಿದರು. ಕುಡಿತವನ್ನೂ ತಂಬಾಕನ್ನೂ ಜೂಜನ್ನೂ ಜನರು ಆ ಜೋಳಿಗೆಯಲ್ಲಿ ಹಾಕಿ ಕೈಮುಗಿದರು. 2018ರಲ್ಲಿ ಅವರು ಲಿಂಗೈಕ್ಯರಾದರು.

ಹಾಗೆ ಕುಡಿತವನ್ನು ಜೋಳಿಗೆಗೆ ಹಾಕಿ ಮನೆಗೆ ಬಂದ ಒಬ್ಬ ಮನುಷ್ಯನನ್ನು ಊಹಿಸಬಹುದು. ಅವನು ಅವನೇ ಹೌದೋ ಅಲ್ಲವೋ? ಹೊಸ ಮನುಷ್ಯನಾದನೆಂದು ಮಠವು ಹೇಳುವುದು, ಹೇಳಬೇಕಾದುದೂ ಅದೇ; ಬದಲಾಗುವುದು ಅಸಾಧ್ಯವಾದರೆ ಗುರುವಿನಿಂದ ಏನು ಪ್ರಯೋಜನ? ವೈದ್ಯನು ಅವನ ಯಕೃತ್ತನ್ನು ಪರೀಕ್ಷಿಸಿ, ಇಷ್ಟು ಭಾಗ ಚೇತರಿಸಬಹುದು, ಇಷ್ಟು ಆಗದು ಎನ್ನುವನು. ಅವನ ದೃಷ್ಟಿಯಲ್ಲಿ ಮನುಷ್ಯನು ಕೆಲವಂಶದಲ್ಲಿ ಹೊಸಬ, ಕೆಲವಂಶದಲ್ಲಿ ಹಳಬ. ಸಾಲ ಕೊಟ್ಟ ಅಂಗಡಿಕಾರನಿಗೆ ಅವನು ಸಂಪೂರ್ಣವಾಗಿ ಅವನೇ. ಇನ್ನು ಹೆಂಡತಿ. ಇಪ್ಪತ್ತು ವರ್ಷ ಪೆಟ್ಟು ತಿಂದವಳಿಗೆ ಇವನು ಯಾರು? ‘ನಾನೀಗ ಆ ಮನುಷ್ಯನಲ್ಲ’ ಎಂದು ಅವನು ಅವಳೆದುರಿಗೆ ಹೇಳಿದರೆ ಅದು ಶಾಸ್ತ್ರಕ್ಕೆ ಸರಿಯಾದೀತು, ಆದರೆ ಹೇಳುವ ಅಧಿಕಾರ ಅವನಿಗಿಲ್ಲ. ಆ ಮಾತನ್ನು ಅವಳೇ ಒಂದು ದಿನ ಹೇಳಬೇಕು, ಹೇಳದೆಯೂ ಇರಬಹುದು. ಅವನಾದರೋ ‘ಆ ಮನುಷ್ಯನು ನಾನೇ’ ಎಂದು ಒಪ್ಪಿಕೊಂಡು ಅಂಗಡಿಯ ಸಾಲವನ್ನು ತೀರಿಸುತ್ತ, ಅವಳ ಮೌನವನ್ನು ತಾಳುತ್ತ ನಡೆದರೆ ಮಾತ್ರ ಬೇರೆ ಮನುಷ್ಯನಾಗುತ್ತಾನೆ. ಹೊಸಬನೆಂದು ಹೇಳಿಕೊಂಡವನು ಹಳಬನಾಗಿಯೇ ಉಳಿಯುವುದು, ಹಳಬನೆಂದು ಒಪ್ಪಿಕೊಂಡವನು ಹೊಸಬನಾಗುವುದು! ತರ್ಕಶಾಸ್ತ್ರದಲ್ಲಿ ಇದು ವ್ಯಾಘಾತವೆನಿಸುವುದು. ಸಂಸಾರದಲ್ಲಿ ಇದನ್ನು ಕಾಣದ ಓಣಿಯಿಲ್ಲ.

ನವನಗರದ ಹುಡುಗನಿಗೆ ಅಜ್ಜಿಯ ಮಾತು ಮನಸ್ಸಿನಲ್ಲಿ ಉಳಿದಿತ್ತೆಂದು ಕಾಣುತ್ತದೆ. ಒಂದು ರವಿವಾರ ಅವನು ಎಡಮನೆಯವಳು ಯಾವ ಬಡಾವಣೆಯಲ್ಲಿದ್ದಾಳೆಂಬುದನ್ನು ವಿಚಾರಿಸಿಕೊಂಡು, ಅಜ್ಜಿಯನ್ನು ಮೋಟಾರು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೋದನು. ಆ ಮನೆಗೆ ಬೇರೆ ಊರಿನ ಬಾಗಿಲು, ಬೇರೆ ಬಣ್ಣ. ಗುರುತು ಹಿಡಿಯುವುದಕ್ಕೆ ಏನೂ ಇರಲಿಲ್ಲ. ಒಳಗಿನಿಂದ ಬಂದವಳು ಬಾಗಿಲಲ್ಲಿಯೇ ನಿಂತು, ಇಷ್ಟು ದಿನ ಬಾರದೆ ಇದ್ದುದಕ್ಕಾಗಿ ಮುದುಕಿಯನ್ನು ಚೆನ್ನಾಗಿ ಬೈದಳು. ಮುದುಕಿ ನಗುತ್ತ ಒಳಗೆ ಹೋದಳು. ಹುಡುಗನು ಹೊರಗೆ ನಿಂತು ಎರಡು ತಾಸು ಕಾದನು.

ಆಲಮಟ್ಟಿಯ ನೀರು ಈಗ 519.60 ಮೀಟರಿನ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆ ಕೊಟ್ಟಿತು. ನೀರು ಏರಿದ ದಿನ ಇನ್ನೂ ಕೆಲವು ಊರುಗಳವರು ಬಾಗಿಲವಾಡ ಕೀಳಬೇಕಾಗುವುದು. ಅಂದು ಅಳತೆಗೆ ಬರುವವರ ಕೈಯಲ್ಲಿ ಗೋಡೆಯ ಪಟ್ಟಿಯೂ ಗಿಡದ ಪಟ್ಟಿಯೂ ಇರುವುವು. ಯಾರ ಎಡಮನೆಯಲ್ಲಿ ಯಾರು ಇದ್ದರೆಂದು ಕೇಳಿ ಬರೆದುಕೊಳ್ಳುವುದಕ್ಕೆ ಒಂದು ಹಾಳೆ ಹೆಚ್ಚಿಗೆ ಬೇಕಾದೀತು.